ಎಡಬಲ ತಪ್ಪಿದ ಬೆಟ್ಟಸಾಲು

"ಮುಟ್ಟಬೇಡಿ."

ದನಿ ಬೆನ್ನ ಹಿಂದಿನಿಂದ ಬಂತು. ಅವಳು ತಿರುಗುವಷ್ಟರಲ್ಲಿ ಯಾರೋ ಅವಳ ಮಣಿಕಟ್ಟು ಹಿಡಿದಾಗಿತ್ತು.

ಅದು ಮ್ಯೂಸಿಯಂನ ಉಗ್ರಾಣ. ಕಿಟಕಿಯಿಲ್ಲದ ಕೋಣೆ, ಗೋಡೆಯುದ್ದಕ್ಕೂ ಮರದ ಪೆಟ್ಟಿಗೆಗಳು. ತೆರೆದ ಪೆಟ್ಟಿಗೆಯೊಂದರಲ್ಲಿ ನಿಲ್ಲಿಸಿದ್ದ ಗಾಜಿನ ಹಲಗೆಗೆ ಅವಳ ಬೆರಳು ಇನ್ನೇನು ತಾಗಬೇಕಿತ್ತು.

"ಮೊದ್ಲು ಕೈ ಬಿಡಿ," ಎಂದಳು.

ಅವನು ಗಾಬರಿಯಿಂದ ಬಿಟ್ಟ. "ಕ್ಷಮಿಸಿ. ಹಳೇ ಕಾಲದ ಗಾಜಿನ ನೆಗೆಟಿವ್ ಇದು. ಒಂದು ಬೆರಳು ತಾಗಿದ್ರೆ ಬೆಟ್ಟವೇ ಅಳಿಸಿಹೋಗುತ್ತೆ."

"ಈಗ ಮಾತ್ರ ಎಲ್ಲಿ ಕಾಣ್ತಿದೆ ಬೆಟ್ಟ? ಬಂದಾಗಿಂದ ಬರೀ ಮಂಜು. ಬೆಟ್ಟದ ಚಿತ್ರ ಬರೀರಿ ಅಂತ ಕರೆಸಿದೋರು ಬೆಟ್ಟಾನೂ ತೋರಿಸ್ಬೇಕಲ್ವಾ?"

ಅವನಿಗೆ ನಗು ಬಂತು. ಆ ನಗು ನೋಡಿ ಅವಳ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧವನ್ನು ಮರ್ಯಾದೆಗಾಗಿ ಹಾಗೇ ಇಟ್ಟುಕೊಂಡಳು.

ವಿಷಯ ಇಷ್ಟೇ. ಊರ ಮೇಲಿನ ಹಳೆಯ ಕಾವಲು ಗೋಪುರದ ಬಳಿ ತಾಮ್ರದ ಫಲಕವೊಂದನ್ನು ನಿಲ್ಲಿಸಬೇಕೆಂದು ಊರಿನ ಸಮಿತಿ ತೀರ್ಮಾನಿಸಿತ್ತು. ಎದುರಿಗೆ ಕಾಣುವ ಶಿಖರಗಳ ಸಾಲನ್ನು ಅದರಲ್ಲಿ ಕೆತ್ತಿಸಬೇಕು, ಒಂದೊಂದರ ಕೆಳಗೂ ಹೆಸರು, ಪಕ್ಕದಲ್ಲಿ ಕಣಿವೆದಾರಿಯ ಚರಿತ್ರೆ. ಚಿತ್ರ ಅವಳದು. ಚರಿತ್ರೆ ಮ್ಯೂಸಿಯಂ ನೋಡಿಕೊಳ್ಳುವ ಇವನದು. ಹಗಲೆಲ್ಲ ಹಳೆಯ ಪೆಟ್ಟಿಗೆಗಳ ನಡುವೆ ಇರುತ್ತಿದ್ದುದರಿಂದ ಊರಿನವರು ಇವನನ್ನು ಧೂಳಪ್ಪ ಎನ್ನುತ್ತಿದ್ದರು. ಇವನೂ ಕರೆದರೆ ಓಗೊಡುತ್ತಿದ್ದ.

ಮಂಜು ಸರಿಯುವ ಲಕ್ಷಣವಿರಲಿಲ್ಲ. ಕೊನೆಗೆ ಅವನೇ ಆ ಗಾಜನ್ನು ಬೆಳಕಿನ ಮೇಜಿನ ಮೇಲಿಟ್ಟು ದೀಪ ಹಾಕಿದ. ನೆಗೆಟಿವ್‌ನಲ್ಲಿ ಹಿಮವೆಲ್ಲ ಕಪ್ಪು, ಬಂಡೆಯೆಲ್ಲ ಬಿಳಿ. ಅವಳು ಮೇಲೆ ತೆಳು ಹಾಳೆ ಹರಡಿ ಗೆರೆ ತೆಗೆದಳು.

"ಇವನು ಗೂನಜ್ಜ. ಇವಳು ಅಕ್ಕ, ಇವಳು ತಂಗಿ," ಎಂದು ಪೆನ್ಸಿಲ್ ತುದಿಯಿಂದ ತೋರಿಸಿದ. "ಇಬ್ಬರ ನಡುವಿನ ತಗ್ಗೇ ಕಣಿವೆದಾರಿ."

ಸಂಜೆಗಳಲ್ಲಿ ಆ ದಾರಿಯಲ್ಲೇ ಅವಳನ್ನು ಕರೆದೊಯ್ಯತೊಡಗಿದ. ಉಪ್ಪು ಹೊತ್ತ ಹೇಸರಗತ್ತೆಗಳು ತಲೆಮಾರುಗಟ್ಟಲೆ ನಡೆದು ಕಲ್ಲಿನ ಮೆಟ್ಟಿಲುಗಳಲ್ಲಿ ಗುಳಿ ಬಿದ್ದಿದ್ದವು. ಗುಳಿಗಳಲ್ಲಿ ನೀರು ನಿಂತಿತ್ತು, ಅಂಚಿನ ಪಾಚಿಯಲ್ಲಿ ಅಕ್ಕಿಕಾಳಿನಷ್ಟು ನೀಲಿ ಹೂಗಳು.

"ಗುಳಿಯಲ್ಲೇ ಕಾಲಿಡಿ, ಜಾರಲ್ಲ. ಹೇಸರಗತ್ತೆಗಳೂ ಹಾಗೇ ನಡೆದಿದ್ದು."

"ನನ್ನ ಹೇಸರಗತ್ತೆ ಅಂತಿದೀರಾ?"

"ಛೇ ಛೇ. ಅದು ಹೇಳಿದ ಮಾತು ಕೇಳೋ ಪ್ರಾಣಿ."

ಅವಳು ನಕ್ಕಳು. ಮನೆ ಬಿಟ್ಟು ಊರೂರು ಸುತ್ತಿ ಕೆಲಸ ಮಾಡುವವಳಿಗೆ ಒಬ್ಬರ ಪಕ್ಕ ಹೀಗೆ ನಡೆಯುವುದು ರೂಢಿ ತಪ್ಪಿಹೋಗಿತ್ತು.

ದಾರಿಯಲ್ಲಿ ಸಿಗುವ ಕಾವಲು ಗೋಪುರದ ಮೇಲೆ ಹೊಗೆ ಹಿಡಿದ ಕಲ್ಲೊಲೆಯೊಂದಿತ್ತು. ಮಂಜಿನಲ್ಲಿ ಕಣಿವೆ ದಾಟುವವರಿಗೆ ದಿಕ್ಕು ತಿಳಿಯಲೆಂದು ಅಲ್ಲಿ ಬೆಂಕಿ ಹಾಕುತ್ತಿದ್ದರಂತೆ. "ಗೋಪುರ ಕಟ್ಟಿಸಿದ ದೊರೆ ಹೆಸರು ಕಲ್ಲಲ್ಲಿದೆ. ದಿನಾ ಸೌದೆ ಹೊತ್ತೋರು ಯಾರೋ, ಏನೋ," ಎಂದ ಅವನು ಮೆಲ್ಲಗೆ.

ಆಗಲೇ ಮಂಜು ಸರಿಯಿತು.

"ನೋಡಿ, ನೋಡಿ... ಗೂನಜ್ಜ!" ಅವನು ಕೈಚಾಚಿದ. ಸಂಜೆಬಿಸಿಲು ಅವನ ಮುಖದ ಮೇಲೆ ಬಿದ್ದಿತ್ತು. ಅವಳ ಕಣ್ಣು ಆ ಮುಖದಲ್ಲೇ ನಿಂತುಬಿಟ್ಟಿತು. ತಿರುಗುವಷ್ಟರಲ್ಲಿ ಬೆಟ್ಟ ಮತ್ತೆ ಮುಚ್ಚಿಹೋಗಿತ್ತು.

"ನೋಡಿದ್ರಾ?"

"ನೋಡಿದೆ," ಎಂದಳು. ಬೆಟ್ಟವನ್ನು ಎಂದು ಹೇಳಲಿಲ್ಲ.

ಸಮಿತಿಯವರ ಅವಸರಕ್ಕೆ ಚಿತ್ರ ಮರುದಿನವೇ ಕೆತ್ತುವವರ ಬಳಿ ಹೋಯಿತು.

ಫಲಕದ ಮುಸುಕು ತೆಗೆದ ದಿನ ಆಕಾಶ ತಿಳಿಯಾಗಿತ್ತು. ಊರೆಲ್ಲ ಸೇರಿತ್ತು. ಬಟ್ಟೆ ಜಾರಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಗೂನಜ್ಜ ಎಡಕ್ಕಿದಾನೆ. ಇದ್ರಲ್ಲಿ ಬಲಕ್ಕೆ ಯಾಕೆ ಹೋದ?" ಎಂದರು ಯಾರೋ.

"ಕನ್ನಡಿ ಹಿಡ್ಕೊಂಡು ನೋಡ್ಬೇಕೇನೋ!"

ನಗು ಎದ್ದಿತು. ಅವಳಿಗೆ ಕ್ಷಣದಲ್ಲಿ ಅರ್ಥವಾಯಿತು. ಬೆಳಕಿನ ಮೇಜಿನ ಮೇಲೆ ಗಾಜಿನ ಮಗ್ಗುಲು ತಪ್ಪಿತ್ತು. ಇಡೀ ಬೆಟ್ಟಸಾಲು ಎಡಬಲವಾಗಿತ್ತು. *ಒಂದೇ ಒಂದು ಸಲ ಕಣ್ಣೆತ್ತಿ ಬೆಟ್ಟ ನೋಡಿದ್ದಿದ್ದರೆ...* ಬಾಯಿ ತೆರೆಯುವಷ್ಟರಲ್ಲಿ ಅವನು ಮುಂದೆ ಬಂದಿದ್ದ.

"ತಪ್ಪು ನನ್ನದು. ಗಾಜನ್ನ ತಿರುವುಮುರುವಾಗಿ ಇಟ್ಟವನು ನಾನು. ಇವರದ್ದೇನೂ ತಪ್ಪಿಲ್ಲ."

ಜನ ಚದುರಿದ ಮೇಲೆ ಅವಳು ಇಳಿಜಾರಿನಲ್ಲಿ ಅವನನ್ನು ತಡೆದಳು. "ಆ ತಾಮ್ರದಲ್ಲಿ ನನ್ನ ಹೆಸರಿದೆ. ನನ್ನ ತಪ್ಪನ್ನ ನೀವ್ಯಾಕೆ ಹೊತ್ಕೋತೀರಿ? ನಿಮ್ಮ ಕನಿಕರ ಯಾರು ಕೇಳಿದ್ರು?"

"ಕನಿಕರ ಅಲ್ಲ..."

"ಮತ್ತೇನು?"

ಉತ್ತರಕ್ಕೆ ಅವಳು ಕಾಯಲಿಲ್ಲ.

ಅವಳು ಉಳಿದುಕೊಂಡಿದ್ದುದು ಊರಲ್ಲೇ ವಸತಿಗೃಹ ನಡೆಸುವ ದೊಡ್ಡಮ್ಮನ ಬಳಿ. ಚೀಲಕ್ಕೆ ಬಟ್ಟೆ ತುಂಬುತ್ತಿದ್ದವಳನ್ನು ದೊಡ್ಡಮ್ಮ ಬಾಗಿಲಲ್ಲೇ ನಿಂತು ನೋಡಿದಳು.

"ಕೋಪ ಅವನ ಮೇಲೋ, ನಿನ್ನ ಮೇಲೋ?"

ಅವಳ ಕಣ್ಣು ತುಂಬಿತು. "ಮಂಜು ಒಂದ್ಸಲ ಸರಿದಿತ್ತು ದೊಡ್ಡಮ್ಮ. ನಾನು ಬೆಟ್ಟ ನೋಡ್ಲಿಲ್ಲ."

"ಮತ್ತೇನು ನೋಡ್ತಿದ್ದೆ?"

ಅವಳು ಮಡಚಿದ್ದ ಬಟ್ಟೆಯನ್ನೇ ಮತ್ತೆ ಮಡಚಿದಳು. ದೊಡ್ಡಮ್ಮನಿಗೆ ಬೇರೆ ಹೇಳಬೇಕಾಗಿಯೂ ಇರಲಿಲ್ಲ. "ಅಂತೂ ನಿನ್ನ ಕಣ್ಣಿಗೊಬ್ಬ ಬಿದ್ದ. ಅದೂ ಧೂಳು ಹಿಡಿದೋನು. ಹೋಗಿ ಹೇಳು ತಾಯಿ. ಹೇಳದೇ ಹೋದ್ರೆ ಯಾವೂರಿಗೆ ಹೋದ್ರೂ ನಿನಗೆ ಕೆಲಸ ಅಂಟಲ್ಲ."

ಬೆಳಿಗ್ಗೆ ಅವಳು ಮೊದಲು ಹೋದದ್ದು ಸಮಿತಿಯ ಅಧ್ಯಕ್ಷರ ಔಷಧಿ ಅಂಗಡಿಗೆ. ಕಣ್ಣಾರೆ ಬೆಟ್ಟ ನೋಡದೆ ಚಿತ್ರ ಬರೆದುಕೊಟ್ಟೆ, ತಪ್ಪು ನನ್ನದು ಎಂದಳು.

ಅಧ್ಯಕ್ಷರು ಕನ್ನಡಕ ಏರಿಸಿದರು. "ನಮ್ಮೂರಲ್ಲಿ ತಪ್ಪಿಗೆ ಇಷ್ಟು ಗಿರಾಕಿ ಇದಾರೆ ಅಂತ ಗೊತ್ತಿರ್ಲಿಲ್ಲಮ್ಮ. ಅವನು ರಾತ್ರಿಯೇ ಮ್ಯೂಸಿಯಂ ಬೀಗದ ಕೈ ತಂದುಕೊಟ್ಟ. ಬೇಡ ಕಣೋ ಅಂದ್ರೂ ಕೇಳ್ಲಿಲ್ಲ. ಫಲಕ ಬಿಚ್ಚಿಟ್ಟು ಊರು ಬಿಡ್ತಾನಂತೆ."

ಅವಳು ಅಂಗಡಿಯಿಂದಲೇ ಓಡಿದಳು. ಗೋಪುರದ ದಾರಿಯ ಮೆಟ್ಟಿಲುಗಳನ್ನು ಹೇಗೆ ಹತ್ತಿದಳೋ ಅವಳಿಗೇ ಗೊತ್ತಿಲ್ಲ.

ಅವನು ಮಂಡಿಯೂರಿ ಫಲಕದ ಬೋಲ್ಟ್ ಸಡಿಲಿಸುತ್ತಿದ್ದ. ಅವಳನ್ನು ನೋಡಿ ಏಳಹೊರಟ.

"ಕೂತಿರಿ. ನಾನು ಹೇಳಿ ಮುಗಿಸೋವರೆಗೂ ಮಾತಾಡ್ಬೇಡಿ," ಎಂದಳು ಏದುಸಿರು ಬಿಡುತ್ತಾ. "ಆವತ್ತು ಇಲ್ಲಿ ಮಂಜು ಸರಿದಾಗ ನೋಡಿದೆ ಅಂದೆನಲ್ಲ... ನೋಡಿದ್ದು ನಿಮ್ಮನ್ನ. ಬೆಟ್ಟ ನೋಡಿದ್ದಿದ್ರೆ ತಪ್ಪು ಅಲ್ಲೇ ಗೊತ್ತಾಗ್ತಿತ್ತು. ಅದಕ್ಕೇ ನೀವು ತಪ್ಪು ಹೊತ್ಕೊಂಡಾಗ ಸಹಿಸೋಕಾಗ್ಲಿಲ್ಲ. ಇಷ್ಟೇ. ಈಗ ನೀವು ಹೋಗ್ಬಹುದು."

ಅವನು ಸ್ಪ್ಯಾನರ್ ಕೆಳಗಿಟ್ಟ.

"ನಾನು ಕನಿಕರಕ್ಕೆ ಸುಳ್ಳು ಹೇಳ್ಲಿಲ್ಲ. ಗಾಜು ತಿರುವಿ ಇಟ್ಟಿದ್ದು ನಿಜವಾಗ್ಲೂ ನಾನೇ. ಇಷ್ಟು ವರ್ಷದಲ್ಲಿ ಯಾವತ್ತೂ ಕೈತಪ್ಪಿರ್ಲಿಲ್ಲ. ಆವತ್ತು ದೀಪ ಹಾಕಿದ್ನಲ್ಲ, ಬೆಳಕು ನಿಮ್ಮ ಮುಖಕ್ಕೆ ಬಿತ್ತು. ಆಮೇಲೆ ಗಾಜಿನ ಕಡೆ ಸರಿಯಾಗಿ ನೋಡಿದೋನು ಯಾರು? ಈ ಕಾರಣವನ್ನ ಊರ ಮುಂದೆ ಹೇಗೆ ಹೇಳ್ಲಿ?"

ಅವಳು ನಗಲು ಹೋಗಿ ಅತ್ತುಬಿಟ್ಟಳು. ಅವನು ಕರವಸ್ತ್ರ ತೆಗೆದ. ಅದರಲ್ಲಿ ಧೂಳಿತ್ತು. ಅವಳು ಅದರಲ್ಲೇ ಮುಖ ಒರೆಸಿಕೊಂಡಳು.

ಎದುರಿಗೆ ಬೆಟ್ಟಸಾಲು ನಿಚ್ಚಳವಾಗಿತ್ತು. ಅವಳು ಚೀಲದಿಂದ ಹಾಳೆ, ಪೆನ್ಸಿಲ್ ತೆಗೆದಳು.

"ಹೊಸದಾಗಿ ಬರೀತೀನಿ. ನೀವು ನನ್ನ ಹಿಂದೆ ಕೂತ್ಕೊಳ್ಳಿ."

"ಹಿಂದೆ ಯಾಕೆ?"

"ಎದುರಿಗಿದ್ರೆ ಮತ್ತೆ ತಪ್ಪಾಗುತ್ತೆ."

ಅವನು ಹೋಗಿ ಅವಳ ಬೆನ್ನಿಗೆ ಬೆನ್ನು ಕೊಟ್ಟು ಕುಳಿತ. ಪೆನ್ಸಿಲ್ಲಿನ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ.

"ಇನ್ನೂ ಎಷ್ಟಿದೆ?"

"ತಂಗಿಯೊಬ್ಬಳು ಬಾಕಿ. ಮುಗೀತಿದ್ದ ಹಾಗೆ ಈ ಕಡೆ ತಿರುಗ್ತೀನಿ. ಅಷ್ಟರಲ್ಲಿ ಎದ್ದು ಹೋಗಲ್ಲ ತಾನೇ?"

"ನಿಧಾನವಾಗಿ ಬರಿ," ಎಂದನವನು. "ನಿನ್ನ ಬಿಟ್ಟು ನಾನೆಲ್ಲಿಗೆ ಹೋಗ್ಲಿ?"