ಹೊಟ್ಟೆ ತುಂಬಿದ ಮೊಸಳೆ

ಹೊನ್ನಮಡು ರಾಜ್ಯದಲ್ಲಿ ಒಂದು ಬೆಳಿಗ್ಗೆ ರಾಜಭಟರು ಬಂದು ಅಂಬಿಗ ತಿಪ್ಪಯ್ಯನ ಹರಿಗೋಲನ್ನು ಹೊತ್ತುಕೊಂಡು ಹೊರಟರು.

"ಯಾಕ್ರಪ್ಪಾ?" ಎಂದ ತಿಪ್ಪಯ್ಯ.

"ಹೊಳೆ ಅರಸರದು. ಹೊಳೇಲಿ ತೇಲೋದೆಲ್ಲ ಅರಸರದು."

"ಹಂಗಾದ್ರೆ ತೇಲಿ ಬರೋ ಹೆಣಾನೂ ಅರಸರದೇನ್ರಪ್ಪಾ?"

ಬೆನ್ನಿಗೆ ಎರಡು ಏಟು ಬಿದ್ದವು.

ತಿಪ್ಪಯ್ಯ ನ್ಯಾಯಸ್ಥಾನಕ್ಕೆ ಹೋದ. ಅಲ್ಲಿನ ಕೊಳದಲ್ಲಿ ಸಾವಿರ ವರ್ಷದ ಬಿಳಿ ಮೊಸಳೆ ಇತ್ತು. ವಾದಿ, ಪ್ರತಿವಾದಿ ಇಬ್ಬರೂ ನೀರಿನಲ್ಲಿ ಕೈಯಿಟ್ಟು ಮಾತಾಡಬೇಕು. ಸುಳ್ಳು ಹೇಳಿದ ಕೈಯನ್ನು ಅದು ಕಚ್ಚುತ್ತಿತ್ತು. ತೀರ್ಪಾದ ಮೇಲೆಯೇ ಅದಕ್ಕೆ ಊಟ. ಹಿಂದಿನಿಂದ ಬಂದ ಕಟ್ಟಳೆ.

"ಹರಿಗೋಲು ನನ್ನದು," ಎಂದ ತಿಪ್ಪಯ್ಯ.

"ಅರಸರದು," ಎಂದ ಅರಸರ ಪರವಾಗಿ ಕೈಯಿಟ್ಟ ಮಂತ್ರಿ.

ಮೊಸಳೆ ಅಲುಗಲಿಲ್ಲ.

"ಮಂತ್ರಿಗಳನ್ನು ಕಚ್ಚಲಿಲ್ಲ. ಮಂತ್ರಿಗಳು ಸತ್ಯವಂತರು," ಎಂದ ನ್ಯಾಯಾಧಿಕಾರಿ.

"ನನ್ನನ್ನೂ ಕಚ್ಚಲಿಲ್ಲವಲ್ಲ, ಬುದ್ಧಿ?"

"ನಿನ್ನ ಸರದಿಗೆ ಅದಕ್ಕೆ ನಿದ್ದೆ ಬಂದಿತ್ತು."

ತಿಪ್ಪಯ್ಯ ನೀರು ನೋಡಿದ. ಅಂಚಿನಲ್ಲಿ ಮೇಕೆಯ ಹಸಿ ಮೂಳೆ ಬಿದ್ದಿತ್ತು. "ಇದಕ್ಕೆ ಆಗಲೇ ಊಟ ಆಗಿದೆ!"

"ಊಟದ ವಿಚಾರ ಅರಮನೆಗೆ ಸೇರಿದ್ದು. ನಡಿ."

ದೂರು ಕೊಟ್ಟ ತಪ್ಪಿಗೆ ಅವನ ಗುಡಿಸಲು ಕೆಡವಿದರು. ಮತ್ತೆ ಹೋದ. ಮತ್ತೆ ಮೂಳೆ, ಮತ್ತೆ ಅದೇ ತೀರ್ಪು. ಎರಡನೆಯ ದೂರಿಗೆ ಅಣ್ಣನನ್ನು ಸೆರೆಗೆ ಹಾಕಿದರು. ಮೂರನೆಯ ಸಲ ತಿಪ್ಪಯ್ಯ ಹೋಗಲಿಲ್ಲ. ಊರಿನವರು ಯಾರೂ ಹೋಗಲಿಲ್ಲ. ನ್ಯಾಯಸ್ಥಾನದ ಮೆಟ್ಟಿಲ ಮೇಲೆ ಹುಲ್ಲು ಬೆಳೆಯಿತು.

ವರ್ಷ ಕಳೆಯಿತು. ಅರಸನ ತಮ್ಮ ಸೈನ್ಯ ಕೂಡಿಸಿ ಸಿಂಹಾಸನ ಕಿತ್ತುಕೊಂಡ. ಅರಸ ನ್ಯಾಯಸ್ಥಾನಕ್ಕೆ ಓಡಿಬಂದು ಕೊಳಕ್ಕೆ ಕೈಯಿಟ್ಟ.

"ಸಿಂಹಾಸನ ನನ್ನದು."

"ನನ್ನದು," ಎಂದ ಬೆನ್ನಟ್ಟಿ ಬಂದು ತಾನೂ ಕೈಯಿಟ್ಟ ತಮ್ಮ.

ಮೊಸಳೆ ತೇಗಿತು.

"ಕಿರಿಯ ಪ್ರಭುಗಳು ಸತ್ಯವಂತರು," ಎಂದ ನ್ಯಾಯಾಧಿಕಾರಿ.

"ಅದಕ್ಕೆ ಊಟ ಹಾಕಿದ್ದಾರೆ!" ಎಂದು ಅರಸ ಕೂಗಿದ. ಕೇಳಲು ಅಲ್ಲಿ ಜನವೇ ಇರಲಿಲ್ಲ.

ಅರಸ ಹೊಳೆಯ ದಡಕ್ಕೆ ಓಡಿದ. ತಿಪ್ಪಯ್ಯ ಕಲ್ಲಿನ ಮೇಲೆ ಕೂತಿದ್ದ.

"ದಾಟಿಸಯ್ಯಾ! ಕೊಲ್ಲೋಕೆ ಬರ್ತಿದ್ದಾರೆ."

"ಯಾವುದರಲ್ಲಿ ದಾಟಿಸಲಿ, ಬುದ್ಧಿ? ಹರಿಗೋಲು ನಿಮ್ಮ ಅರಮನೇಲೈತೆ."

"ನನಗೆ ಅನ್ಯಾಯ ಆಗಿದೆ ಕಣಯ್ಯಾ."

"ಹೌದಾ? ಮೊಸಳೆ ಏನಂತು?"

ಕುದುರೆ ಸವಾರರು ಬಂದರು. ಅರಸನನ್ನು ಕಟ್ಟಿ ಎಳೆದುಕೊಂಡು ಹೋದರು.

ಹೊಸ ಅರಸನ ಪಟ್ಟಾಭಿಷೇಕವಾಯಿತು. ಇನ್ನು ಮುಂದೆ ಎಲ್ಲರೂ ಸುಖವಾಗಿರುತ್ತಾರೆ ಎಂದು ಡಂಗುರ ಹೊಡೆಸಿದರು. ತಿಪ್ಪಯ್ಯನ ಅಣ್ಣ ಬರಲಿಲ್ಲ. ಹರಿಗೋಲೂ ಬರಲಿಲ್ಲ.