ಹಿಂದಿನ ಗಾಜಿನ ಆವಿ

ನಾವು ಕೊಂಡ ಹಳೇ ಕಾರಿನ ಹಿಂದಿನ ಸೀಟಿನ ಕೆಳಗೆ ದಿನಾ ಬೆಳಿಗ್ಗೆ ನೀರಿರುತ್ತಿತ್ತು, ಮಳೆಯಿಲ್ಲದ ದಿನವೂ. ಮೆಕ್ಯಾನಿಕ್ ಬಾಗಿಲುಗಳ ಒಳಂಚಿಗೆಲ್ಲ ಪೌಡರ್ ಬಳಿದು, ಹೊರಗಿನಿಂದ ಪೈಪಿನಲ್ಲಿ ನೀರು ಹೊಡೆದ. ಪೌಡರ್ ಎಲ್ಲೂ ಒದ್ದೆಯಾಗಲಿಲ್ಲ. ಆಮೇಲೆ ಹಿಂದಿನ ಗಾಜನ್ನು ಒಳಗಿನಿಂದ ಬೆರಳಲ್ಲಿ ಒರೆಸಿ ನೋಡಿದ. ಅಲ್ಲಿ ಆವಿ ಕಟ್ಟಿತ್ತು.

“ಸಾರ್, ಇದು ಸೋರಿದ ನೀರಲ್ಲ, ಉಸಿರಿನ ನೀರು. ಗಾಜಿಂದ ಇಳಿದು ಕೆಳಗೆ ನಿಲ್ಲುತ್ತೆ. ರಾತ್ರಿ ಒಳಗೆ ಯಾರು ಮಲಗ್ತಾರೆ?”

“ಕೀ ನನ್ನ ದಿಂಬಿನ ಕೆಳಗಿರುತ್ತೆ. ನಿನಗೇನು ತಲೆ ಕೆಟ್ಟಿದೆಯಾ?” ಎಂದು ರೇಗಿದೆ. ಅವನು ಬೇಡವೆಂದರೂ ಹಟ ಹಿಡಿದು, ಗಾಳಿಯೂ ನುಸುಳದ ಹಾಗೆ ಎಲ್ಲ ಸಂದುಗಳಿಗೂ ಹೊಸ ರಬ್ಬರ್ ಹಾಕಿಸಿದೆ.

ಸೀಟಿನ ಕೆಳಗೆ ಒಣಗಿತು. ಆದರೆ ಗಾಜಿನ ಮೇಲಿನ ಆವಿ ದಿನದಿಂದ ದಿನಕ್ಕೆ ಚಿಕ್ಕದಾಗುತ್ತಾ, ಕೆಳಗಿಳಿಯುತ್ತಾ ಬಂತು.

ಅದನ್ನೇ ನೋಡುತ್ತಾ ನಿಂತಿದ್ದ ಹೆಂಡತಿ, “ರೀ, ಬಾಗಿಲು ತೆಗೀರಿ. ಅದಕ್ಕೆ ಉಸಿರು ಕಟ್ತಿದೆ,” ಎಂದಳು. ಯಾವುದಕ್ಕೆ ಎಂದು ನಾನು ಕೇಳಲಿಲ್ಲ. ರಬ್ಬರನ್ನೆಲ್ಲ ಕಿತ್ತುಹಾಕಿ, ನಾಲ್ಕೂ ಬಾಗಿಲು ತೆರೆದಿಟ್ಟೆ.

ಇವತ್ತು ಬೆಳಿಗ್ಗೆ ಆವಿ ಗಾಜಿನ ಕೆಳತುದಿಯಲ್ಲಿ ಅಂಗೈಯಷ್ಟೇ ಉಳಿದಿತ್ತು. ನಾನು ನೋಡುತ್ತಿದ್ದಂತೆ ಅದು ಹಿಗ್ಗಿತು, ಕುಗ್ಗಿತು. ಮತ್ತೆ ಹಿಗ್ಗುವುದಕ್ಕೆ ಬಹಳ ಹೊತ್ತು ಹಿಡಿಯಿತು.