ಎಣ್ಣೆ ಬೆರಳಿನ ಹನ್ನೊಂದು ಪುಟ

"ಪ್ರತಿ ಬ್ಯಾಚಿಗೂ ಇಷ್ಟೊಂದು ಕಾಗದಾನಾ ಮೇಡಂ? ಅರ್ಧ ಕಾಡೇ ಖಾಲಿಯಾಗಿರ್ಬೇಕಲ್ಲ!"

ನಲವತ್ತು ಕೈಪಿಡಿಗಳ ರಾಶಿ ಹೊತ್ತು ಬಾಗಿಲಲ್ಲಿ ನಿಂತಿದ್ದ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಪಂಪ್ ಕಾರ್ಖಾನೆಗೆ ಹೊಸದಾಗಿ ಸೇರುವವರಿಗೆ ಕೆಲಸ ಕಲಿಸುವವಳು ಅವಳು. ಆ ನೂರಿಪ್ಪತ್ತು ಪುಟಗಳನ್ನು ಎರಡು ವರ್ಷ ಕೂತು ಬರೆದಿದ್ದಳು; ಚಿತ್ರಗಳನ್ನೂ ತಾನೇ ಬಿಡಿಸಿದ್ದಳು.

"ಇದು ಬರೀ ಕಾಗದ ಅಲ್ಲ ಸರ್. ದಾರಿ ಬಿಡಿ!"

ಅವನು ಅರ್ಧ ರಾಶಿಯನ್ನು ತಾನೇ ಎತ್ತಿಕೊಂಡು ಒಳಗೆ ನಡೆದ. ತರಬೇತಿಯಲ್ಲಿ ಪೋಲಾಗುವುದನ್ನು ತಗ್ಗಿಸಲು ಮುಖ್ಯ ಕಚೇರಿ ಕಳಿಸಿದ ಮನುಷ್ಯ... ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ! ಅದನ್ನು ಗಮನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಮೊದಲ ವಾರ ಅವನು ದಿನವೂ ಅವಳ ಜೊತೆಯೇ ಊಟಕ್ಕೆ ಕೂತ. ಎರಡನೇ ವಾರ ಊಟದ ಹೊತ್ತಿಗೆ ಮಾಯ! ಎಲ್ಲಿ ಅಂದರೆ, ಸ್ಟೋರ್ ರೂಮಿನಲ್ಲಿ. ಸ್ಟೋರ್ ನೋಡಿಕೊಳ್ಳುವ ಉದ್ದ ಜಡೆಯ ಹುಡುಗಿಯ ಕಿಲಕಿಲ ನಗು ಹೊರಗಿನವರೆಗೂ ಕೇಳುತ್ತಿತ್ತು.

'ನಗಲಿ. ನನಗೇನಂತೆ?'

ಆದರೂ ನೀರು ತುಂಬಿಸುವ ನೆಪದಲ್ಲಿ ಸ್ಟೋರಿನ ಮುಂದೆ ನಾಲ್ಕು ಸಲ ಓಡಾಡಿದಳು. ಬಾಟಲಿ ತುಂಬಿಯೇ ಇತ್ತು, ಪಾಪ.

ಐದನೇ ಸಲ ಕಂಡೇಬಿಟ್ಟಿತು. ಜಡೆಯವಳು ಏನೋ ಹಾಳೆಗಳ ಕಟ್ಟನ್ನು ಕೊಟ್ಟಳು. ಅವನು ಮುಗುಳ್ನಕ್ಕು ಬ್ಯಾಗಿಗೆ ಸೇರಿಸಿದ.

'ಪತ್ರ!'

"ಆ ಪಾತ್ರೆ ಏನು ತಪ್ಪು ಮಾಡ್ತಕ್ಕಾ, ಹಾಗೆ ಉಜ್ತಿದೀಯ?" ಸಂಜೆ ತಂಗಿ ಕೇಳಿದಳು. ಅವಳು ಇನ್ನೊಂದು ಪಾತ್ರೆ ಎಳೆದುಕೊಂಡಳು.

ಮರುದಿನ ಸುದ್ದಿ ಬಂತು: ಮುಂದಿನ ಬ್ಯಾಚಿಗೆ ಕೈಪಿಡಿ ಅಚ್ಚು ಹಾಕಿಸುವುದಿಲ್ಲ. ಅವಳು ನೇರ ಸ್ಟೋರಿಗೆ ನುಗ್ಗಿದಳು.

"ನನ್ನ ಪುಸ್ತಕ ಬೇಡ, ನನ್ನ ಜೊತೆ ಊಟಾನೂ ಬೇಡ... ಇವಳ ಪತ್ರ ಮಾತ್ರ ಬೇಕು! ಅಲ್ವಾ?"

ಜಡೆಯವಳು ಕಣ್ಣರಳಿಸಿದಳು. "ಪತ್ರಾನಾ? ಅಕ್ಕಾ, ಅದು ಗುಜರಿಗೆ ಇಟ್ಟಿದ್ದ ನಿಮ್ಮ ಹಳೇ ಕೈಪಿಡಿ! ರಟ್ಟು ಕಿತ್ತು ಹೋಗಿತ್ತು. 'ಈ ಚಿತ್ರ ನೋಡು, ಆ ಚಿತ್ರ ನೋಡು' ಅಂತ ಇವರು ದಿನಾ ನನ್ನ ತಲೆ ತಿಂತಾರೆ. ನಗದೆ ಏನ್ಮಾಡ್ಲಿ? ಅಬ್ಬಾ, ನಾನು ಊಟಕ್ಕೆ ಹೋಗ್ತೀನಪ್ಪಾ!"

ಅವನು ಮೇಜಿನ ಮೇಲೆ ಹಳೆಯ ಪುಟಗಳನ್ನು ಹರಡಿದ.

"ಕಲಿಯೋರು ನಿಜವಾಗಿ ನೋಡಿರೋ ಪುಟಕ್ಕೆ ಎಣ್ಣೆ ಬೆರಳಿನ ಗುರುತು ಅಂಟಿರುತ್ತೆ. ಇಲ್ಲಿ ಗುಜರಿಗೆ ಬಂದಿರೋ ನೂರೈವತ್ತು ಕೈಪಿಡಿ ತಿರುವಿದೆ. ಎಲ್ಲದರಲ್ಲೂ ಅದೇ ಹನ್ನೊಂದು ಪುಟ... ಹನ್ನೊಂದೂ ನಿಮ್ಮ ಚಿತ್ರಗಳೇ! ಅವನ್ನ ಯಂತ್ರಗಳ ಪಕ್ಕದ ಗೋಡೆ ಮೇಲೇ ದೊಡ್ಡದಾಗಿ ಬಿಡಿಸಿ ಮೇಡಂ. ಎಷ್ಟು ಬ್ಯಾಚ್ ಬಂದ್ರೂ ಅಷ್ಟೇ ಸಾಕು. ಕೆಳಗೆ ನಿಮ್ಮ ಸಹಿ ಇರ್ಲಿ."

ಮಿಕ್ಕ ನೂರೊಂಬತ್ತು ಪುಟ ಯಾರೂ ಮುಟ್ಟಿರಲಿಲ್ಲ. ಅವಳಿಗೆ ಅಳುವೂ ಬಂತು, ನಾಚಿಕೆಯೂ ಆಯಿತು.

"ಮತ್ತೆ... ಬ್ಯಾಗಲ್ಲಿರೋದು?"

ಅವನು ಹಿಂಜರಿಯುತ್ತಾ ರಟ್ಟಿಲ್ಲದ ಆ ಕೈಪಿಡಿಯನ್ನು ಹೊರತೆಗೆದ. ಅದರ ಪ್ರತಿ ಪುಟದಲ್ಲೂ ಕಪ್ಪು ಗುರುತು!

"ಇಷ್ಟೂ ಓದಿದ್ದು ಯಾರು?"

ಅವನು ಅಂಗೈ ಚಾಚಿದ. ಹಳೆಯ ಹಾಳೆ ತಿರುವಿ ತಿರುವಿ ಬೆರಳುಗಳು ಕಪ್ಪಾಗಿದ್ದವು.

"ಕಾಗದ ಉಳಿಸೋರಿಗೆ... ಈ ಒಂದು ಯಾಕೆ?"

"ನಿಮ್ಮನ್ನ ನಮ್ಮನೆಗೆ ಕರ್ಕೊಂಡು ಹೋಗೋ ತನಕ ಇದಾದ್ರೂ ಜೊತೆಗಿರ್ಲಿ ಅಂತ."

ಅವಳು ಆ ಕಪ್ಪು ಬೆರಳುಗಳನ್ನು ಮೆಲ್ಲನೆ ಹಿಡಿದುಕೊಂಡಳು.

"ಅಲ್ಲೀ ತನಕ... ಊಟಕ್ಕಾದ್ರೂ ನನ್ನ ಜೊತೆ ಕೂತ್ಕೊಳ್ಳಿ."